ಮಾಟುಂಗಾದಲ್ಲಿ ರಾತ್ರಿ ಎರಡು ಗಂಟೆಯ ಅವಲಕ್ಕಿ

ಜುಲೈನಲ್ಲಿ ಮಕ್ಕಳನ್ನು ಕರೆದುಕೊಂಡು ಮುಂಬೈಗೆ ಹೊರಟಿದ್ದೇವೆ, ಜೆಟ್ ಲ್ಯಾಗ್‌ಗೆ (ದೂರದ ವಿಮಾನ ಪ್ರಯಾಣದಿಂದ ನಿದ್ದೆಯ ಹೊತ್ತು ಏರುಪೇರಾಗುವುದಕ್ಕೆ) ಏನು ಮಾಡುತ್ತೀರಿ ಎಂದು ಮೊನ್ನೆ ನಮ್ಮ ಗುಂಪಿನಲ್ಲಿ ಒಬ್ಬರು ಕೇಳಿದ್ದರಲ್ಲ, ಅವರಿಗೆ ಈ ಉತ್ತರ. ಸ್ವಲ್ಪ ಉದ್ದ ಆಯಿತು, ಬೈಯಬೇಡಿ.

ನಾವಿರುವುದು ನ್ಯೂಜೆರ್ಸಿಯಲ್ಲಿ, ಅತ್ತೆ ಮಾವ ಮುಂಬೈನ ಮಾಟುಂಗಾದಲ್ಲಿ. ಮೊದಲ ಸಲ ಹೋದಾಗ ಮಗಳಿಗೆ ಏಳು ವರ್ಷ, ಮಗನಿಗೆ ನಾಲ್ಕು. ಬೆಳಗಿನ ಬೆಳಕು ಮೈಮೇಲೆ ಬಿದ್ದರೆ ಎಲ್ಲ ಸರಿಹೋಗುತ್ತದೆ ಎಂದು ಮಾವ ಮೊದಲ ದಿನವೇ ಆರು ಗಂಟೆಗೆ ಇಬ್ಬರನ್ನೂ ಎಬ್ಬಿಸಿ ಫೈವ್ ಗಾರ್ಡನ್ಸ್ ಪಾರ್ಕಿಗೆ ನಡೆಸಿಕೊಂಡು ಹೋದರು. ನಾಲ್ಕು ದಿನ ಇದೇ ಆಯಿತು. ಮಧ್ಯಾಹ್ನ ತಟ್ಟೆ ಮುಂದೆಯೇ ತೂಕಡಿಕೆ, ರಾತ್ರಿ ಎರಡಕ್ಕೆ ಇಬ್ಬರೂ ಗೂಬೆಗಳು.

ಆಮೇಲೆ ಓದಿ ತಿಳಿದುಕೊಂಡೆ. ಮಾವ ಹೇಳಿದ ಮದ್ದು ಸರಿಯೇ, ಕೊಟ್ಟ ಹೊತ್ತು ತಪ್ಪು. ಮೆದುಳಿನಲ್ಲೊಂದು ಗಡಿಯಾರ ಇದೆ, ಅದು ಕಣ್ಣಿಗೆ ಬೀಳುವ ಬೆಳಕು ನೋಡಿಕೊಂಡು ತನ್ನನ್ನು ತಿದ್ದಿಕೊಳ್ಳುತ್ತದೆ. ನಾವು ಏಳುವುದಕ್ಕೆ ಎರಡು ಮೂರು ಗಂಟೆ ಮುಂಚೆ ಮೈ ಬಿಸಿ ತೀರಾ ಕಡಿಮೆ ಇರುತ್ತದೆ. ಆ ಹೊತ್ತಿಗೆ ಮೊದಲು ಬಿದ್ದ ಬೆಳಕು ಗಡಿಯಾರವನ್ನು ಹಿಂದಕ್ಕೆ ಎಳೆಯುತ್ತದೆ, ನಂತರ ಬಿದ್ದದ್ದು ಮುಂದಕ್ಕೆ ತಳ್ಳುತ್ತದೆ. ಬೇಸಿಗೆಯಲ್ಲಿ ಭಾರತ ನ್ಯೂಜೆರ್ಸಿಗಿಂತ ಒಂಬತ್ತೂವರೆ ಗಂಟೆ ಮುಂದೆ, ಹಾಗಾಗಿ ಗಡಿಯಾರ ಮುಂದಕ್ಕೇ ಹೋಗಬೇಕು. ಮಾಟುಂಗಾದ ಬೆಳಗಿನ ಆರು ಎಂದರೆ ಮಕ್ಕಳ ಮೈಗೆ ಹಿಂದಿನ ರಾತ್ರಿ ಎಂಟೂವರೆ! ಆಗ ಬೆಳಕು ತೋರಿಸಿದರೆ ‘ಇನ್ನೂ ಸಂಜೆ, ಆಡಿಕೋ’ ಎಂದ ಹಾಗೆ. ಮೈ ಬಿಸಿ ತೀರಾ ಇಳಿಯುವ ಅವರ ಬೆಳಗಿನ ನಾಲ್ಕು ಗಂಟೆ ಅಲ್ಲಿ ಮಧ್ಯಾಹ್ನ ಒಂದೂವರೆಗೆ ಬರುತ್ತದೆ.

ಈಗ ನಾವು ಮಾಡುವುದು ಇಷ್ಟೇ. ಮೊದಲೆರಡು ದಿನ ಬೆಳಿಗ್ಗೆ ಪರದೆ ಎಳೆದು ಮನೆಯೊಳಗೇ ಇರುತ್ತೇವೆ. ಮಧ್ಯಾಹ್ನ ಎರಡು ಗಂಟೆ ದಾಟಿದ ಮೇಲೆ ಹೊರಗೆ, ಕತ್ತಲಾಗುವವರೆಗೆ. ಆಮೇಲೆ ದಿನಕ್ಕೊಂದು ಗಂಟೆ ಬೇಗ ಹೊರಡುತ್ತೇವೆ, ಗಡಿಯಾರ ಹೆಚ್ಚುಕಡಿಮೆ ಅಷ್ಟೇ ಸರಿಯುವುದು. ಒಂದು ವಾರ ಕಳೆದ ಮೇಲೆ ಮಾವನ ವಾಕಿಂಗ್‌ಗೆ ಮಕ್ಕಳನ್ನು ಒಪ್ಪಿಸುತ್ತೇವೆ. ಜುಲೈನಲ್ಲಿ ಬಿಸಿಲೆಲ್ಲಿ ಅಂತೀರಾ? ಮೋಡ ಕವಿದ ಮಧ್ಯಾಹ್ನದ ಬೆಳಕು ಕೂಡ ಮನೆಯ ಟ್ಯೂಬ್‌ಲೈಟಿಗಿಂತ ಎಷ್ಟೋ ಪಟ್ಟು ಜಾಸ್ತಿ. ಕೊಡೆ ಹಿಡಿದು ಹೊರಡಿ. ಹಗಲು ನಿದ್ದೆ ಬೇಡವೇ ಬೇಡ ಅಂದರೆ ಮಕ್ಕಳು ರಂಪ ಮಾಡುತ್ತಾರೆ. ಅರ್ಧ ಗಂಟೆ ಮಲಗಿಸಿ, ಅಲಾರಂ ಇಟ್ಟು ಎಬ್ಬಿಸಿ. ಎಬ್ಬಿಸುವಾಗ ಅಜ್ಜಿಯ ಕಣ್ಣಿಗೆ ನೀವು ಕಟುಕರು, ಇರಲಿ. ದೊಡ್ಡವರಿಗೆ ಒಂದೇ ಮಾತು: ನಾಲ್ಕು ಗಂಟೆಯ ಫಿಲ್ಟರ್ ಕಾಫಿ ಬಿಡಿ. ಫಿಲ್ಟರ್ ಕಾಫಿಗೇ ಹೆಸರಾದ ಮಾಟುಂಗಾದಲ್ಲಿ ಕೂತು ಇದನ್ನು ಹೇಳುವುದು ಪಾಪ ಅಂತ ಗೊತ್ತು. ನಿದ್ದೆಗೆಂದು ಕೊಡುವ ಮೆಲಟೋನಿನ್ ಗುಳಿಗೆ ಮಾತ್ರ ಮಕ್ಕಳ ಡಾಕ್ಟರನ್ನು ಕೇಳದೆ ಕೊಡಬೇಡಿ.

ಇಷ್ಟು ಮಾಡಿದರೂ ಮೊದಲ ಎರಡು ಮೂರು ರಾತ್ರಿ ಏಳುತ್ತಾರೆ. ಹಸಿವೂ ನಿಜವೇ, ಹೊಟ್ಟೆ ಇನ್ನೂ ನ್ಯೂಜೆರ್ಸಿಯಲ್ಲೇ ಇರುತ್ತದೆ. ಟಿವಿ, ಫೋನ್ ಹಚ್ಚಬೇಡಿ. ನಮ್ಮಲ್ಲಿ ಅತ್ತೆ ಅಡುಗೆಮನೆಯ ಸಣ್ಣ ದೀಪ ಹಾಕಿ ಮೊಸರವಲಕ್ಕಿ ಕಲೆಸುತ್ತಾರೆ. ಹಗಲು ಹತ್ತು ಜನ ನೆಂಟರ ನಡುವೆ ಬಾಯಿ ಬಿಡದ ಮಗ ಆ ಹೊತ್ತಿಗೆ ಅಜ್ಜಿಯ ಪಕ್ಕ ಕೂತು ಕನ್ನಡದಲ್ಲಿ ಒಂದೇ ಸಮನೆ ಮಾತಾಡುತ್ತಾನೆ. ಇಲ್ಲಿ ಭಾನುವಾರದ ಕನ್ನಡ ತರಗತಿಯಲ್ಲಿ ‘ಒಗ್ಗರಣೆ’ ಬರೆಯಲು ಒದ್ದಾಡುವವನು, ಹೋದ ವರ್ಷ ರಾತ್ರಿ ಎರಡೂವರೆಗೆ ‘ಅಜ್ಜೀ, ಒಗ್ಗರಣೆ ಕಮ್ಮಿ ಆಯ್ತು’ ಅಂದ. ಅವನಿಗೆ ಬೇಗ ನಿದ್ದೆ ಹೊಂದಿಕೊಂಡಿದ್ದಕ್ಕೆ ಅತ್ತೆಗೆ ಕೊಂಚ ಬೇಜಾರೇ ಆಯಿತು.

ಸಿಡ್ನಿ ಕಡೆಯಿಂದ ಬರುವವರ ಲೆಕ್ಕ ಬೇರೆ, ಅಲ್ಲಿಯ ಹೊತ್ತು ಭಾರತಕ್ಕಿಂತ ಮುಂದೆ. ನಿಮ್ಮ ಮಕ್ಕಳು ಸಂಜೆ ಏಳಕ್ಕೇ ನಿದ್ದೆಗೆ ಬೀಳುತ್ತಾರೆ, ಅಲ್ವಾ? ಅದಕ್ಕೆ ನೀವೇನು ಮಾಡುತ್ತೀರಿ, ಬರೆಯಿರಿ.