ಬೈಕಿಗೆ ಜಿಪಿಎಸ್ ಟ್ರ್ಯಾಕರ್ ಹಾಕಿಸಿದವರು ಇದ್ದೀರಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ವಿಜಯನಗರದಲ್ಲಿ ಬಾಡಿಗೆ ಮನೆ, ಪಾರ್ಕಿಂಗ್ ಇಲ್ಲ. ನನ್ನ ಪಲ್ಸರ್ ರಾತ್ರಿಯೆಲ್ಲಾ ರಸ್ತೆಯಲ್ಲೇ ನಿಲ್ಲುತ್ತದೆ. ಮೊನ್ನೆ ಪಕ್ಕದ ಬೀದಿಯಲ್ಲಿ ಹ್ಯಾಂಡಲ್ ಲಾಕ್ ಮುರಿದು ಒಂದು ಗಾಡಿ ಎತ್ತಿಕೊಂಡು ಹೋದರು. ಅವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ.

ಬ್ಲೂಟೂತ್ ಟ್ಯಾಗ್ ಬೇಡ ಅಂದುಕೊಂಡಿದ್ದೇನೆ. ಹತ್ತಿರದಲ್ಲಿ ಯಾರದಾದರೂ ಫೋನ್ ಇದ್ದರೆ ಮಾತ್ರ ಅದು ಜಾಗ ತೋರಿಸುತ್ತದೆ. ಮೇಲಾಗಿ, ನಿಮ್ಮ ಜೊತೆ ಟ್ಯಾಗ್ ಬರುತ್ತಿದೆ ಅಂತ ಕಳ್ಳನ ಫೋನಿಗೇ ಸೂಚನೆ ಹೋಗಬಹುದು. ಒಳ್ಳೆ ಕಥೆ ಅಲ್ವಾ! ಹಾಗಾಗಿ ಸಿಮ್ ಹಾಕುವ, ಗಾಡಿ ಬ್ಯಾಟರಿಯಿಂದಲೇ ಓಡುವ ಜಿಪಿಎಸ್ ಬಾಕ್ಸ್ ನೋಡುತ್ತಿದ್ದೇನೆ.

ಊರಿಗೆ ಹೋಗಿ ವಾರಗಟ್ಟಲೆ ಗಾಡಿ ನಿಲ್ಲಿಸಿದರೆ ಬ್ಯಾಟರಿ ಇಳಿದುಹೋಗುತ್ತದಾ? ಕಳ್ಳ ವೈರ್ ಕಿತ್ತರೆ ಜಿಪಿಎಸ್ ಬಾಕ್ಸ್ ಒಳಗಿನ ಪುಟ್ಟ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ? ಅಗ್ಗದವು ಹೆಚ್ಚಾಗಿ 2ಜಿ, ಅದರಲ್ಲಿ ನನ್ನ ಜಿಯೋ ಸಿಮ್ ನಡೆಯಲ್ಲ. ಒಳ್ಳೆಯ 4ಜಿ ಡಿವೈಸ್ ಯಾವುದು?

ಫೋನಿಂದಲೇ ಎಂಜಿನ್ ಆಫ್ ಮಾಡುವ ರಿಲೇ ಹಾಕಿಸೋಕೆ ಮಾತ್ರ ಭಯ. ಫ್ಲೈಓವರ್ ಮೇಲೆ ಸುಮ್ನೆ ಆಫ್ ಆಗಿಬಿಟ್ಟರೆ?

ಕಂಪನಿ ವೈರಿಂಗ್ ಕತ್ತರಿಸದೆ, ಸೀಟ್ ಕೆಳಗೆ ಕಾಣದ ಹಾಗೆ ಕೂರಿಸುವ ಎಲೆಕ್ಟ್ರಿಷಿಯನ್ ವಿಜಯನಗರ, ರಾಜಾಜಿನಗರ ಕಡೆ ಯಾರಾದರೂ ಗೊತ್ತಿದ್ದರೆ ಮೆಸೇಜ್ ಮಾಡಿ. ಗಾಡಿಗೆ ಇನ್ನೂ ವಾರಂಟಿ ಇದೆ.