ಫ್ಲಶ್ ಡ್ರಾ ಕೈಲಿದ್ದಾಗ ಕಾಲ್ ಮಾಡಬೇಕಾ, ರೈಸ್ ಮಾಡಬೇಕಾ?

ಪ್ರಶ್ನೆ: ಸರ್, ಭಾನುವಾರ ಮನೆಯಲ್ಲಿ ಹೋಲ್ಡೆಮ್ ಪೋಕರ್ ಆಡುತ್ತೇವೆ. ದುಡ್ಡಿಗಲ್ಲ, ಬರೀ ಚಿಪ್ಸ್. ಸೋತವರು ಎಲ್ಲರಿಗೂ ಕಾಫಿ ಮಾಡಬೇಕು, ಅಷ್ಟೇ. ನನ್ನ ಕೈಲಿ ಆಟೀನ್ 9, ಆಟೀನ್ 7. ಫ್ಲಾಪ್‌ನಲ್ಲಿ (ಎಲ್ಲರಿಗೂ ಸೇರಿ ಮೊದಲು ತೆರೆಯುವ ಮೂರು ಎಲೆ) ಆಟೀನ್ ರಾಜ, ಆಟೀನ್ 6, ಕಳಾವರ್ 3. ಅಂದರೆ ಫ್ಲಶ್ ಡ್ರಾ: ಒಂದೇ ಗುರುತಿನ ಐದು ಎಲೆ ಆಗಲು ಇನ್ನೊಂದು ಆಟೀನ್ ಬೇಕು. ಪಾಟ್ (ನಡುವೆ ಕೂಡಿದ ಚಿಪ್ಸ್) 600. ಎದುರಿಗಿದ್ದ ಭಾವ 400 ಹಾಕಿದರು, ನಾನೂ ಅಷ್ಟೇ ಹಾಕಿ ಕಾಲ್ ಮಾಡಿದೆ. ಟರ್ನ್‌ನಲ್ಲಿ (ನಾಲ್ಕನೇ ಎಲೆ) ಇಸ್ಪೀಟ್ 2 ಬಿತ್ತು. ಭಾವ 900 ಹಾಕಿದರು, ನಾನು ಎಲೆ ಬಿಟ್ಟು ಫೋಲ್ಡ್. ಫ್ಲಾಪ್‌ನಲ್ಲೇ ಇನ್ನೂ ಹೆಚ್ಚು ಹಾಕಿ ರೈಸ್ ಮಾಡಬೇಕಿತ್ತು ಅಂತ ತಂಗಿ ಬೈತಿದ್ದಾಳೆ. ಯಾರು ಸರಿ?

ಉತ್ತರ: ಒಂದು ವಿಷಯ ಹೇಳಿ. ಭಾವ ಫೋಲ್ಡ್ ಮಾಡುತ್ತಾರಾ? ಅವರ ಮುಂದೆ ಎಷ್ಟು ಚಿಪ್ಸ್ ಉಳಿದಿತ್ತು?

ಪ್ರಶ್ನೆ ಕೇಳಿದವರು: ಫೋಲ್ಡಾ? ಒಂದು ಜೋಡಿ ಸಿಕ್ಕಿದರೆ ಸಾಕು, ಕೊನೆವರೆಗೂ ಬರ್ತಾರೆ. 400 ಹಾಕಿದ ಮೇಲೆ 1400 ಇತ್ತು.

ಉತ್ತರ: ಹಾಗಾದರೆ ತಂಗಿಗೆ ಹೇಳಿ, ರೈಸ್ ಬೇಡ. ಡ್ರಾ ಇಟ್ಟುಕೊಂಡು ರೈಸ್ ಮಾಡುವುದೇ ಎರಡು ದಾರಿಯಲ್ಲಿ ಗೆಲ್ಲೋಣ ಅಂತ: ಎದುರಿನವರು ಈಗಲೇ ಬಿಟ್ಟು ಹೋಗಬಹುದು, ಇಲ್ಲಾಂದ್ರೆ ನಮಗೆ ಎಲೆ ಬೀಳಬಹುದು. ಬಿಟ್ಟು ಹೋಗದವರ ಮುಂದೆ ಮೊದಲ ದಾರಿ ಮುಚ್ಚಿಹೋಯಿತು. 1000 ಇರುವ ಪಾಟ್‌ಗೆ ನೀವು 1200 ಹಾಕಿದಿರಿ ಅಂದುಕೊಳ್ಳಿ. ಬರೀ ಬ್ಲಫ್ ಆಗಿದ್ದರೆ ನೂರರಲ್ಲಿ 55 ಸಲ ಅವರು ಬಿಡಬೇಕು. ನಿಮಗೆ ಡ್ರಾ ಇರುವುದರಿಂದ ಅದಕ್ಕಿಂತ ಕಮ್ಮಿ ಸಾಕು. ಆದರೆ ಭಾವ ಬಿಡುವುದೇ ಇಲ್ವಲ್ಲ! ದುಡ್ಡಿಲ್ಲದ ಆಟದಲ್ಲಿ ಸಾಮಾನ್ಯವಾಗಿ ಯಾರೂ ಬಿಡಲ್ಲ ಬಿಡಿ.

ಈಗ ಕಾಲ್ ಲೆಕ್ಕ. ಕಾಣದ 47 ಎಲೆಗಳಲ್ಲಿ ಒಂಬತ್ತು ಆಟೀನ್ ಎಲೆಗಳಿವೆ. ಟರ್ನ್‌ನಲ್ಲೇ ಬೀಳುವ ಸಾಧ್ಯತೆ ಶೇ. 19. ತುಂಬ ಜನ ಎರಡೂ ಎಲೆ ಸೇರಿಸಿ ಶೇ. 35 ಅಂತ ಲೆಕ್ಕ ಹಾಕಿ ಕಾಲ್ ಮಾಡುತ್ತಾರೆ. ಟರ್ನ್‌ನಲ್ಲಿ ಮತ್ತೆ ಬೆಟ್ ಬರುತ್ತೆ ಅನ್ನೋದು ಮರೆತೇಬಿಡುತ್ತಾರೆ. 400ಕ್ಕೆ ನಷ್ಟ ಆಗದಿರಬೇಕಾದರೆ ಗೆದ್ದಾಗ ಸುಮಾರು 1690 ಬರಬೇಕು. ಪಾಟ್‌ನಲ್ಲಿ 1000 ಇದೆ, ಇನ್ನು 690 ಭಾವನಿಂದ ಬರಬೇಕು. 1400 ಇದೆ, ಕೊಡುವ ಮನುಷ್ಯ. ಕಾಲ್ ಸರಿ.

ಟರ್ನ್‌ನಲ್ಲಿ 900ಕ್ಕೆ 3700 ಬರಬೇಕಿತ್ತು. ಪಾಟ್ 2300, ಭಾವನ ಹತ್ರ ಉಳಿದದ್ದು ಬರೀ 500. ನಿಮ್ಮ ಫೋಲ್ಡೂ ಸರಿ.

ಇನ್ನೊಬ್ಬ ಸದಸ್ಯರು: ಸರ್, 9ರ ಬದಲು ಆಟೀನ್ ಎಕ್ಕ ಇದ್ದಿದ್ದರೆ?

ಉತ್ತರ: ಒಳ್ಳೆ ಪ್ರಶ್ನೆ. ಭಾವನ ಹತ್ರ ರಾಜನ ಜೋಡಿ ಅಂದುಕೊಂಡರೆ ಉಳಿದ ಮೂರು ಎಕ್ಕಗಳೂ ನಿಮ್ಮವೇ. 12 ಎಲೆ ಆಯಿತು. ಫ್ಲಾಪ್‌ನಿಂದ ರಿವರ್‌ವರೆಗೆ (ಕೊನೆಯ, ಐದನೇ ಎಲೆ) ಶೇ. 45. ಫೋಲ್ಡ್ ಮಾಡುವವರ ಎದುರು ಇದನ್ನೇ ನಾನು ರೈಸ್ ಮಾಡುತ್ತೇನೆ. ಭಾವನಂಥವರ ಎದುರು ಟರ್ನ್‌ನಲ್ಲಿ 900 ಕೂಡ ಕಾಲ್ ಮಾಡುತ್ತೇನೆ, ಯಾಕೆಂದರೆ ಆಗ 2550 ಬಂದರೆ ಸಾಕು. ಎಕ್ಕ ಬಿದ್ದ ಮೇಲೆ ಭಾವ ಎರಡು ಜೋಡಿ ತೋರಿಸಿದರೆ ಮಾತ್ರ ಕಾಫಿಗೆ ನೀರಿಡಲು ಏಳಬೇಕು.