ಅಪ್‌ಡೇಟ್: ಖರ್ಜೂರದ ಕಂಟೇನರ್ ಬಿಡುಗಡೆಯಾಯಿತು

ಸುಂಕ ಪೂರ್ತಿ ಕಟ್ಟಿದರೂ ಕೊಚ್ಚಿ ಬಂದರಿನಲ್ಲಿ ನಮ್ಮ ಖರ್ಜೂರವನ್ನು ಏಕೆ ತಡೆದಿದ್ದಾರೆ ಎಂದು ಕಳೆದ ತಿಂಗಳು ಕೇಳಿದ್ದೆ. ಸರಕು ನಿನ್ನೆ ಕಾಸರಗೋಡಿಗೆ ಬಂತು. ದಾರಿ ತೋರಿದ ಎಲ್ಲರಿಗೂ ಕೈಮುಗಿಯುತ್ತೇನೆ.

ತೊಡಕು ಲೇಬಲ್‌ನದು. ಡಬ್ಬಿಯ ಮೇಲೆ ಆಮದುದಾರರ ಹೆಸರು, ವಿಳಾಸ, ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು ಯಾವುದೂ ಇರಲಿಲ್ಲ. ಇಷ್ಟನ್ನು ಕಸ್ಟಮ್ಸ್ ಗೋದಾಮಿನಲ್ಲೇ ಸ್ಟಿಕ್ಕರ್ ಅಂಟಿಸಿ ಸರಿಪಡಿಸಬಹುದು. ಹಸಿರು ಚೌಕದೊಳಗೆ ಹಸಿರು ಚುಕ್ಕೆ, ಡಬ್ಬಿಗೊಂದರಂತೆ. ಎರಡು ದಿನ ಅದೇ ಕೆಲಸ. ಅಷ್ಟೂ ದಿನ ಕಂಟೇನರ್ ಬಾಡಿಗೆ ಏರುತ್ತಲೇ ಇತ್ತು, ಲಾಭವೆಲ್ಲ ಅದಕ್ಕೇ ಹೋಯಿತು.

ಒಂದು ಬಗೆಯ ಡಬ್ಬಿಗಳಲ್ಲಿ ಬಳಕೆಯ ಕೊನೆಯ ದಿನಾಂಕವೇ ಇರಲಿಲ್ಲ. ಅದನ್ನು ನಾವು ಅಂಟಿಸುವಂತಿಲ್ಲ, ಅವು ತಿರಸ್ಕೃತವಾದವು. ಹೊಟ್ಟೆ ಉರಿಯಿತು, ಆದರೂ ಮಕ್ಕಳು ತಿನ್ನುವ ವಸ್ತುವಿಗೆ ಈ ನಿಯಮ ಬೇಕೇ ಬೇಕು.

ರಮ್ಜಾನ್‌ಗೆ ತರಿಸುವವರು ಇದನ್ನೂ ಗಮನಿಸಿ: ಬಿಡುಗಡೆಯ ಹೊತ್ತಿಗೆ ಒಟ್ಟು ಬಾಳಿಕೆಯ ಅವಧಿಯಲ್ಲಿ ಶೇ 60 ಅಥವಾ ಮೂರು ತಿಂಗಳು, ಯಾವುದು ಕಡಿಮೆಯೋ ಅಷ್ಟು ಉಳಿದಿರಲೇಬೇಕು. ಅಗ್ಗಕ್ಕೆ ಸಿಗುವ ಹಳೆಯ ದಾಸ್ತಾನು ಇಲ್ಲೇ ಸಿಕ್ಕಿಬೀಳುತ್ತದೆ.

ಮುಂದಿನ ಸರಕಿನ ಲೇಬಲ್ ಚಿತ್ರವನ್ನು ಮುದ್ರಣಕ್ಕೆ ಮೊದಲೇ ಕಳುಹಿಸಲು ದುಬೈಯ ವ್ಯಾಪಾರಿಗೆ ಹೇಳಿದ್ದೇನೆ. ಇಂದು ಬೆಳಿಗ್ಗೆ ಮೊದಲ ಚಿತ್ರ ಬಂದಿದೆ.